ಚಿತ್ತಾಪುರದ ಫ್ಲೆಕ್ಸಿನಲ್ಲಿ ಚಂದ್ರಾಮನ ಮುಖ

ಓಡುವ ಬಸ್ಸಿನ ಕಿಟಕಿಯಿಂದ ಫೋಟೋ ಹೊಡೆಯಬಾರದು. ಕಪಿಲ ಹೊಡೆದ. ವಾಡಿಯ ಚಂದ್ರಾಮನ ಜೀವ ಬಾಯಿಗೆ ಬಂದದ್ದು ಆ ಒಂದು ಫೋಟೋದಿಂದ.

ಕಪಿಲ ಅವನ ಅಕ್ಕನ ಮಗ. ಚಿತ್ತಾಪುರದ ಸರ್ಕಲ್ಲಿನಲ್ಲಿ ಕಟ್ಟಿದ್ದ ದೊಡ್ಡ ಫ್ಲೆಕ್ಸ್ ಕಂಡು, ‘ಮಾವ, ಇದರಾಗ ನೀನೇ ಇದ್ದಿ’ ಎಂದು ವಾಟ್ಸಾಪಿಗೆ ಕಳಿಸಿದ್ದ. ಮೀಸೆ, ಬೈತಲೆ, ಬೆದರಿದ ಕಣ್ಣು ಎಲ್ಲ ಚಂದ್ರಾಮನವೇ. ಕೆಳಗಿನ ದಪ್ಪಕ್ಷರದ ಸಾಲುಗಳು ಮಾತ್ರ ಗಂಜಿಯಲ್ಲಿ ಬಿದ್ದ ಇರುವೆಗಳ ಹಾಗೆ ಕಲಸಿಹೋಗಿದ್ದವು.

ಆ ಸೀಮೆಯಲ್ಲಿ ಬಡಪಾಯಿಯ ಮುಖ ಫ್ಲೆಕ್ಸಿಗೆ ಏರುವುದು ಚುನಾವಣೆಗೆ ನಿಂತರೆ, ಇಲ್ಲವೇ ಸತ್ತರೆ. ಚಂದ್ರಾಮ ಚುನಾವಣೆಗೆ ನಿಂತಿರಲಿಲ್ಲ.

ಮರುದಿನ ಮಗಳು ಲುಂಬಿನಿಯನ್ನು ನೋಡಲು ಸೇಡಂನಿಂದ ಗಂಡಿನವರು ಬರುವವರಿದ್ದರು, ಅದೇ ಸರ್ಕಲ್ ದಾಟಿ. ಹೋದ ವಾರವಷ್ಟೇ ಇವನು ಅವರ ಮನೆಗೆ ಹೋಗಿ ಮಾತಾಡಿ ಬಂದಿದ್ದ. ಹೆಣ್ಣಿನ ತಂದೆಗೇ ಶ್ರದ್ಧಾಂಜಲಿ ಎಂದು ಓದಿದವರು ಅಲ್ಲಿಂದಲೇ ಗಾಡಿ ತಿರುಗಿಸದೆ ಇರುತ್ತಾರೆಯೇ?

“ನಮ್ ನಗ್ಮಾನ ಕೈಯಾಗ ಕೊಡು. ಎಂಥಾ ಮಸುಕು ಇದ್ರೂ ಸಾಫ್ ಮಾಡ್ತಾಳ,” ಎಂದು ಎದುರುಮನೆಯ ಜಾನಬಿ ಸೊಸೆಯನ್ನು ಕರೆದಳು.

ನಗ್ಮಾ ಫೋಟೋವನ್ನು ಒಂದು ಆ್ಯಪಿಗೆ ಹಾಕಿದಳು. ಚಂದ್ರಾಮನ ಮುಖ ಮದುಮಗನ ಹಾಗೆ ಹೊಳೆಯಿತು, ಅಕ್ಷರ ಹಾಗೇ ಉಳಿದವು. ಇನ್ನೊಂದು ಆ್ಯಪಿಗೆ ಹಾಕಿದಾಗ ಅಕ್ಷರಗಳು ಮಣಿ ಪೋಣಿಸಿದಂತೆ ಸ್ಪಷ್ಟವಾದವು. ಆದರೆ ಅವು ಯಾವ ಭಾಷೆಯವೂ ಆಗಿರಲಿಲ್ಲ.

“ಯಮನ ಕಡೀ ಲಿಪಿ ಇರಬೇಕು,” ಎಂದಳು ಮೂಲೆಮನೆಯ ಯಂಕಮ್ಮ. “ಕೊರಳಾಗ ಹಳದಿ ಕಾಣ್ತದ ನೋಡು. ಹಾರ ಅದು.”

“ಅದು ನನ್ನ ಟವೆಲ್ ಅದರಿ, ಯಂಕಮ್ಮಾ.”

“ಸತ್ತವ್ರು ಹಂಗೇ ಅಂತಾರ.”

ಹೆಂಡತಿ ಅನಸುಬಾಯಿಗೆ ತಾಳ್ಮೆ ತಪ್ಪಿತು. “ಇಲ್ಲಿ ಕುಂತು ಏನ್ ನಡಗಲಿಕತ್ತೀರಿ? ಹೋಗಿ ಕಣ್ಣಾರೆ ನೋಡಿ, ಬಿಚ್ಚಿಸಿಕೊಂಡು ಬರ್ರಿ.”

ಗುರುತಿನವರು ಕಂಡು ಕಿರುಚಿಕೊಂಡಾರೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಚಂದ್ರಾಮ ಬಸ್ ಹತ್ತಿದ. ಪಕ್ಕದ ಮುದುಕ ಮರುಗಿ ಕೇಳಿದ, “ಯಾರರ ತೀರಿಕೊಂಡ್ರೇನಪಾ?”

“ಇನ್ನಾ ಗೊತ್ತಾಗಿಲ್ಲರಿ.”

ಮುದುಕ ಎದ್ದು ಬೇರೆ ಸೀಟಿಗೆ ಹೋದ.

ಸರ್ಕಲ್ಲಿನಲ್ಲಿ ಫ್ಲೆಕ್ಸಿನ ಕೆಳಗೇ ನಿಂತು ಚಂದ್ರಾಮ ಕತ್ತೆತ್ತಿದ. ಅಕ್ಷರ ಮಸುಕು. ಕಣ್ಣುಜ್ಜಿ ನೋಡಿದ. ಆಗಲೂ ಮಸುಕು. ಪಕ್ಕದ ಔಷಧಿ ಅಂಗಡಿಯ ಬೋರ್ಡು ನೆಟ್ಟಗೆ ಓದಲು ಬಂತು, ತನ್ನ ಮುಖದ ಕೆಳಗಿನದು ಮಾತ್ರ ಬರಲೊಲ್ಲದು. ತನ್ನ ಹಣೆಬರಹ ತಾನು ಓದಲಾಗದು ಎಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕು.

“ಏನಣ್ಣಾ, ಓದಾಕ ಬರವಲ್ದಾ?” ಎನ್ನುತ್ತ ಎದುರಿನ ಫ್ಲೆಕ್ಸ್ ಅಂಗಡಿಯ ಬಂದೇನವಾಜ್ ನಗುತ್ತಾ ಬಂದ. “ಬರಬಾರದು. ಬೇಕಂತಲೇ ಮಸುಕು ಛಾಪಿಸೀನಿ. ಮಸುಕಾದ ಬರಹ ಸಾಫ್ ಮಾಡೋ ಕೆಲಸ ಸುರು ಮಾಡೀನಲ್ಲ, ಅದರ ಜಾಹೀರಾತು. ಮಂದಿ ನಿಂತು ನಿಂತು ನೋಡ್ಲಿಕತ್ತಾರ.”

ಚಂದ್ರಾಮನಿಗೆ ಹೋದ ಉಸಿರು ಬಂತು. ಟವೆಲ್ ತೆಗೆದ. “ಅದರಾಗ ನನ್ನ ಮುಖ ಯಾಕ್ರಿ?”

“ಅರೇ, ನೀವೇ ಏನ್! ತಾಲೂಕು ಕಚೇರಿ ಕೆಲಸಕ್ಕ ನಮ್ಮಲ್ಲಿ ಫೋಟೋ ತೆಗಿಸಿದ್ರಲ್ಲ, ಕಂಪ್ಯೂಟರಿನಾಗ ಉಳಿದಿತ್ತು. ಬರಹ ಯಾರದೋ ಹಳೇ ಶ್ರದ್ಧಾಂಜಲಿದು, ಹೆಸರಷ್ಟೇ ಅಳಿಸೀನಿ. ಸತ್ತವ್ರ ಮುಖ ಹಂಗೇ ಬಿಟ್ರ ಅವರ ಮನಿಯವ್ರು ಜಗಳಕ್ಕ ಬರ್ತಾರ. ಬದುಕಿದವ್ರದು ಹಾಕಿದ್ರ ಯಾರಿಗೂ ದುಃಖ ಇಲ್ಲ ನೋಡ್ರಿ.”

“ಬಿಚ್ಚಿಸ್ರಿ ಮಾರಾಯ್ರಾ, ಈಗಲೇ.”

“ಹೂಂ, ಬಿಚ್ಚಿಸ್ತೀನಿ ಬಿಡ್ರಿ, ಅದಕ್ಯಾಕ ಇಷ್ಟು ಬೆವರ್ತೀರಿ? ಇದನ್ನೇ ಸಾಫ್ ಮಾಡಿದ ಇನ್ನೊಂದು ಫ್ಲೆಕ್ಸ್ ಸೇಡಂ ಬಸ್‌ಸ್ಟ್ಯಾಂಡಿನಾಗ ಮುಂಜಾನೆನೇ ಕಟ್ಟಿಸೀನಿ. ಅದು ಭಾಳ ಚಂದ ಓದಾಕ ಬರ್ತದ.”

ಚಂದ್ರಾಮ ಸೇಡಂ ಬಸ್ಸಿನ ಕಡೆಗೆ ತಿರುಗಿದ್ದೇ ತಡ, ಜೇಬಿನಲ್ಲಿ ಫೋನು ಬಡಿದುಕೊಂಡಿತು. ಆ ಕಡೆ ಅನಸುಬಾಯಿ, ಪಿಸುದನಿಯಲ್ಲಿ.

“ಎಲ್ಲಿದ್ದೀರಿ? ಸೇಡಂದವ್ರು ಇವತ್ತೇ ಬಂದ್ಬಿಟ್ಟಾರ. ಹಾರ ಹಿಡ್ಕೊಂಡು ಬಾಗಲದಾಗ ನಿಂತು, ನಿಮ್ಮನ್ನ ಎಲ್ಲಿ ಮಲಗಿಸೀರಿ ಅಂತ ಕೇಳ್ಲಿಕತ್ತಾರ.”