ಹಾರುವುದು ನಾನು, ಹರಕೆ ಅತ್ತೆಯದು

ಅದೊಂದು ಭಾನುವಾರ. ಹೊನ್ನಾಳಿಯ ನಮ್ಮ ಮನೆಯಲ್ಲಿ ಯಜಮಾನರು ಮಂಡಕ್ಕಿ ತಿನ್ನುತ್ತಾ, ಯಾರೋ ವಿಮಾನದಿಂದ ಧುಮುಕುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. "ಒಂದ್ಸಲ ಹಿಂಗೆ ಹಾರಬೇಕು ನೋಡೇ," ಎಂದರು. "ಮೊದಲು ಅಟ್ಟ ಹತ್ತಿ ಆ ಡಬ್ಬ ಇಳಿಸಿಕೊಡ್ರಿ," ಎಂದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದು ಕುಳಿತರು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರ್ಷ ಕಳೆದ ಮೇಲೆ, ಅವರ ಆಸೆಯನ್ನಾದರೂ ತೀರಿಸೋಣವೆಂದು ನಾನೇ ಹಾರಿದೆ. ನ್ಯಾಮತಿಯಲ್ಲಿ ಪ್ರೈಮರಿ ಶಾಲೆಯ ಟೀಚರು ನಾನು. ಕುರ್ಚಿ ಹತ್ತಿ ಫ್ಯಾನು ಒರೆಸಲೂ ಹೆದರುವವಳು. ತರಬೇತಿ ಕೊಡುವವರ ಮೈಗೆ ಬಿಗಿದು ಕಟ್ಟಿಸಿಕೊಂಡು, ಗಾಳಿಗೆ ಕೆನ್ನೆ ಪಟಪಟ ಬಡಿದುಕೊಳ್ಳುತ್ತಾ ಬಿದ್ದೆ. ಆ ಒಂದು ನಿಮಿಷ ದುಃಖಕ್ಕೆ ನನ್ನ ಜೊತೆ ಬರಲಾಗಲಿಲ್ಲ. ಅದಕ್ಕೇ ಒಬ್ಬಳೇ ಹಾರುವುದನ್ನು ಕಲಿಯಲು ಸೇರಿಬಿಟ್ಟೆ.

ಸೇರುವಾಗ ಕಟ್ಟಿದ ಫೀಸೇ ಕೊನೆ ಎಂದುಕೊಂಡಿದ್ದು ನನ್ನ ತಪ್ಪು. ಪ್ರತಿ ಸಲ ವಿಮಾನದ ಸೀಟಿಗೆ ಬೇರೆ, ಪ್ಯಾರಾಚೂಟಿನ ಬಾಡಿಗೆ ಬೇರೆ, ಅದನ್ನು ಮಡಚಿಕೊಡುವವರಿಗೆ ಬೇರೆ. ಮೈದಾನವೋ ದೂರದ ಜಿಲ್ಲೆಯಲ್ಲಿ. ಎರಡು ಬಸ್ಸು, ಒಂದು ಲಾಡ್ಜು. ಮೋಡ ಕವಿದರೆ ಇಡ್ಲಿ ತಿಂದು ವಾಪಸ್ಸು. ಬಹಳ ದಿನ ಬಿಟ್ಟರೆ ಪಾಠ ಮತ್ತೆ ಮೊದಲಿನಿಂದ. ಶಾಲೆಯಲ್ಲಿ ನಾನೂ ಇಷ್ಟು ಕಟ್ಟುನಿಟ್ಟಲ್ಲ.

ಇಷ್ಟರ ಮೇಲೆ ಅತ್ತೆಯ ಹರಕೆ. ಜಗಳೂರಿನವರು, ಮಗ ಹೋದ ಮೇಲೆ ನನ್ನ ಜೊತೆಗಿದ್ದಾರೆ. ಹಾರಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಮೊದಲ ಸಲಕ್ಕೆ ಮನೆದೇವರಿಗೆ ಒಂದು ತೆಂಗಿನಕಾಯಿ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಬೆಳ್ಳಿಯ ಪ್ಯಾರಾಚೂಟು. ಅದಕ್ಕೆಂದು ಚನ್ನಗಿರಿಯ ಬೆಳ್ಳಿ ಅಂಗಡಿಗೆ ಹೋದೆವು.

"ಕಣ್ಣು ಐತೆ, ಕಾಲು ಐತೆ, ತೊಟ್ಟಿಲು ಐತೆ. ಪ್ಯಾರಾಚೂಟ್ ಇದುವರೆಗೂ ಯಾರೂ ಕೇಳಿಲ್ಲವ್ವಾ," ಎಂದರು ಅಂಗಡಿಯವರು. "ದೇವರ ಕೊಡೆ ಕೊಡ್ಲಾ?"

"ಕೊಡು. ಹಿಡಿಕೆ ಮುರಿದು ಕೊಡು," ಎಂದರು ಅತ್ತೆ. "ಹಿಡಿಕೆನ ತೂಕಕ್ಕೆ ಹಿಡೀಬ್ಯಾಡ ಮತ್ತೆ."

ನಾಲ್ಕನೆಯ ಸಲ, ನಾನು ಇಳಿಯುವವರೆಗೆ ಉಪವಾಸವೆಂದು ನನಗೆ ಹೇಳದೆ ಹರಕೆ ಹೊತ್ತರು. ಅವತ್ತು ಮೋಡ ಸರಿಯಲು ಸಂಜೆಯಾಯಿತು. ಇಳಿದು ಫೋನ್ ಮಾಡಿದರೆ ಎತ್ತಿದ್ದು ಪಕ್ಕದ ಮನೆಯವರು. ಸಕ್ಕರೆ ಕಾಯಿಲೆಯ ಅತ್ತೆ ತಲೆಸುತ್ತಿ ಬಿದ್ದಿದ್ದರು.

ಊರಿಗೆ ಬಂದವಳೇ ಕೂಗಾಡಿದೆ. "ನಿಮಗೇನಾದ್ರೂ ಆಗಿದ್ರೆ? ನಾನು ಹಾರಾದು ಬಿಡ್ತೀನಿ, ನೀವು ಹರಕೆ ಬಿಡ್ರಿ."

"ಯಾಕೆ ಬಿಡ್ತೀಯ? ಹೋಗಿ ಬಂದಾಗ ಎರಡು ದಿನ ನಗ್ತೀಯ," ಎಂದರು ಅತ್ತೆ, ಮಜ್ಜಿಗೆ ಲೋಟ ಕೆಳಗಿಟ್ಟು. "ನೀನಾದ್ರೆ ಹೇಳಿ ಹಾರ್ತೀಯ. ಹರಕೆ ಹೊರಾಕೆ ನನಗೊಂದಿಷ್ಟು ಪುರುಸೊತ್ತು ಸಿಗ್ತೈತೆ. ನನ್ನ ಮಗ ಅಷ್ಟೂ ಕೊಡ್ಲಿಲ್ಲ."

ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದೆ. ಕೊನೆಗೆ, ಉಪವಾಸ ಇಲ್ಲ, ಕಾಯಿ ಮಾತ್ರ ಎಂದು ಒಪ್ಪಂದವಾಯಿತು. ಮುಂದಿನ ಹಾರಾಟಕ್ಕೆ ರಜೆ ಅರ್ಜಿ ಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ 'ದೇವರ ಕಾರ್ಯ' ಎಂದು ಬರೆದೆ, ಪೂರ್ತಿ ಸುಳ್ಳೇನಲ್ಲ. ತಾಯಿ, ಹೆಂಡತಿ ಇಬ್ಬರಿದ್ದೂ ಯಜಮಾನರ ಜೀವಕ್ಕೆಂದು ಹೊತ್ತ ಹರಕೆ ಒಂದೂ ಇಲ್ಲ.