ಎರಡು ತಾಲೂಕು, ಒಂದು ಬೋರಿಂಗು

ನಮ್ಮೂರಿಗೆ ಸರ್ಕಾರದ ಜೀಪು ಬಂದು ಧೂಳೆಬ್ಬಿಸಿ ಹೋದ ಮೇಲೆ ನಗಲಿಕ್ಕೆ ಏನಾದರೂ ಉಳಿದೇ ಇರುತ್ತದೆ. ಸರ್ಕಾರ ನಮಗೇನೂ ಕೊಟ್ಟಿಲ್ಲ ಅಂತ ದೂರುವ ಹಾಗಿಲ್ಲ.

ಹೊಸದುರ್ಗದ ಕಡೆಯಿಂದ ಬರುವ ವೇದಾವತಿ ಹಿರಿಯೂರು ಸೀಮೆಯ ಮಾರಿಕಣಿವೆ ಹಿನ್ನೀರು ಸೇರುವ ಮೊದಲು ಎರಡು ಕವಲಾಗುತ್ತದೆ. ನಡುವಿನ ದಿಬ್ಬವೇ ನಮ್ಮೂರು. ಒಂದು ಕವಲಿನಾಚೆ ಒಂದು ತಾಲೂಕು, ಇನ್ನೊಂದರಾಚೆ ಇನ್ನೊಂದು; ನಮ್ಮ ಬಾಯಲ್ಲಿ ಈಚೆ ತಾಲೂಕು, ಆಚೆ ತಾಲೂಕು. ನಾವು ಯಾವುದಕ್ಕೆ ಸೇರಿದವರೋ ಯಾರಿಗೂ ಗೊತ್ತಿರಲಿಲ್ಲ. ಮಳೆಗಾಲ ಕಳೆದರೆ ಎರಡು ಕವಲೂ ಬರೀ ಮರಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು, ಮರಳು ಬಗೆದು, ಒರತೆ ನೀರನ್ನು ತಂಬಿಗೆಯಲ್ಲಿ ಮೊಗೆದು, ಕೊಡ ಹೊತ್ತು ದಡ ಹತ್ತಬೇಕು. ನನಗೆ ಬೇಕಾಗಿದ್ದು ಒಂದೇ: ಕೈಯಲ್ಲಿ ಒತ್ತಿದರೆ ನೀರು ಬರುವ ಬೋರಿಂಗು.

ನೀರಿನೊಳಗಿನ ಊರು

ಹೊಳಲ್ಕೆರೆಯಲ್ಲಿ ಹತ್ತನೇ ಕ್ಲಾಸಿನ ತನಕ ಓದಿದ ಸೊಸೆ ಅಂತ ಊರ ಹೆಂಗಸರು ನನ್ನನ್ನೇ ಮುಂದೆ ಮಾಡಿಕೊಂಡು ಈಚೆ ತಾಲೂಕಿನ ಕಚೇರಿಗೆ ಹೊರಟರು. ಸಾಹೇಬರು ಗೋಡೆಯ ಮೇಲಿನ ನಕಾಶೆಯಲ್ಲಿ ಹುಡುಕಿದರು. ನದಿಯನ್ನು ದಪ್ಪಗೆ ನೀಲಿಯಲ್ಲಿ ಬಳಿದಿದ್ದರು. ಊರು ಅದರಡಿಯಲ್ಲೆಲ್ಲೋ ಮುಳುಗಿತ್ತು.

"ನಕಾಶೆ ಪ್ರಕಾರ ನಿಮ್ಮೂರು ನೀರಿನೊಳಗೈತಲ್ಲಮ್ಮ."

"ಅದಕ್ಕೇ ಬೋರಿಂಗ್ ಬೇಕು ಸ್ವಾಮಿ. ಕುಡಿಯಕ್ಕೆ ಒಂದು ತೊಟ್ಟಿಲ್ಲ."

"ನೀರಿನೊಳಗಿರೋರಿಗೆ ಇನ್ನೆಂಥ ನೀರು?" ಅಂತ ಅವರು ಚಹಾ ತರಿಸಿಕೊಂಡರು.

ಯಾವ ತಾಲೂಕಿನ ಗಂಡ?

ಆಗ ಮಕ್ಕಳಾಗದ ಹಾಗೆ ಗಂಡಸರಿಗೆ ಆಪರೇಷನ್ ಮಾಡಿಸಿ, ತಾಲೂಕಿಗೆ ಇಷ್ಟು ಕೇಸು ಅಂತ ಲೆಕ್ಕ ತುಂಬಿಸುವ ಅಬ್ಬರದ ಕಾಲ. ಯಾರಿಗೂ ಬೇಡವಾಗಿದ್ದ ನಮ್ಮೂರಿಗೆ ಒಂದೇ ದಿನ ಎರಡೂ ತಾಲೂಕಿನ ಜೀಪು ಬಂದವು. ನಮ್ಮ ಮನೆಯವರು ಅಟ್ಟ ಹತ್ತಿ ಈರುಳ್ಳಿ ರಾಶಿಯ ಹಿಂದೆ ಅಡಗಿದರು. ಕೆಳಗೆ ಜಗಲಿಯಲ್ಲಿ ಜಗಳ.

"ಈ ಮನೆ ಗಂಡಸು ನಮ್ಮ ಕೇಸು ಕಣ್ರಿ!"

"ಏನ್ರಿ ಹಂಗಂತೀರಿ? ಇದು ನಮ್ಮ ತಾಲೂಕು!"

ನಾನು ಇಬ್ಬರಿಗೂ ಮಜ್ಜಿಗೆ ಕೊಟ್ಟೆ. "ಕುಂತ್ಕಳ್ರಿ, ಯಾಕೆ ಜಗಳ? ಯಾರು ಮೊದ್ಲು ಬೋರಿಂಗ್ ಹಾಕಿಸ್ತೀರೋ ಅವರ ತಾಲೂಕಿಗೆ ನಮ್ಮ ಮನೆಯವರನ್ನ ಬರೆದುಕೊಡ್ತೀನಿ."

ಅಟ್ಟದ ಮೇಲಿಂದ ಈರುಳ್ಳಿ ಉರುಳಿದ ಸದ್ದಾಯಿತು.

ಗಡಿಕಲ್ಲು

ಕಡೆಗೆ ಚಿತ್ರದುರ್ಗದಿಂದ ಅಳತೆಯವರು ಬಂದು ಊರನ್ನೇ ಎರಡು ಪಾಲು ಮಾಡಿದರು. ನಮ್ಮ ಅಡುಗೆಮನೆ ಈಚೆ ತಾಲೂಕು, ಹಿತ್ತಲ ಕೊಟ್ಟಿಗೆ ಆಚೆ ತಾಲೂಕು. ಬಿಸಿಲಿಗೆ ಹೆದರಿ ಗುಂಡಿ ತೋಡಿಸದೆ, ಚಪ್ಪಟೆ ಗಡಿಕಲ್ಲನ್ನು ಹಿತ್ತಲಲ್ಲಿ ಹಾಗೇ ಮಲಗಿಸಿ ಹೋದರು. ಮಾರನೇ ದಿನವೇ ಅತ್ತೆ ಅದರ ಮೇಲೆ ಬಟ್ಟೆ ಕುಕ್ಕುತ್ತಿದ್ದರು.

"ಅತ್ತೇ, ಅದು ಸರ್ಕಾರದ ಕಲ್ಲು!"

"ಸರ್ಕಾರ ಕೊಟ್ಟಿದ್ರಲ್ಲಿ ಕೆಲಸಕ್ಕೆ ಬಂದಿದ್ದು ಇದೊಂದೇ ಕಣೇ. ಸೋಪು ತಾ."

ನೆರಳು

ಈಚೆ ತಾಲೂಕಿನವರೇ ಮೊದಲು ಬೋರಿಂಗ್ ಲಾರಿ ತಂದರು. ನೀರು ನೋಡುವವನು ಊರೆಲ್ಲ ಸುತ್ತಿ ನಮ್ಮ ಕೊಟ್ಟಿಗೆ ಪಕ್ಕ ನಿಂತು, "ಇಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ" ಅಂದ. ಲಾರಿ ಜೊತೆ ಬಂದಿದ್ದ ಸಾಹೇಬರು ಕಲ್ಲು ನೋಡಿದರು. ಆ ಜಾಗ ಕಲ್ಲಿನಾಚೆ ಇತ್ತು.

"ಅದು ಆಚೆ ತಾಲೂಕು. ಲಾರಿ ತಿರುಗಿಸ್ರಿ."

ನಾನು ಅಡ್ಡ ಬಂದೆ. "ಬಿಸಿಲಾಗೆ ಬಂದೀರಿ ಸ್ವಾಮಿ, ಒಳಗೆ ಬರ್ರಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗ್ರಿ" ಅಂತ ಅವರನ್ನು ಪಡಸಾಲೆಯಲ್ಲಿ ಕೂರಿಸಿ ಅತ್ತೆಗೆ ಕಣ್ಣು ಮಿಟುಕಿಸಿದೆ. ಸಾಹೇಬರು ಮಜ್ಜಿಗೆ ಮುಗಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಕಲ್ಲು ಕೊಟ್ಟಿಗೆಯ ಆ ತುದಿಗೆ ಹೋಗಿತ್ತು. ಓಣಿಯ ಹೆಂಗಸರೆಲ್ಲ ಏದುಸಿರು ಬಿಡುತ್ತಿದ್ದರು. ಅತ್ತೆ ಅದರ ಮೇಲೆ ಮಗನ ಪಂಚೆ ಒಗೆಯುತ್ತಿದ್ದರು.

"ಕಲ್ಲು ಆಗ್ಲೇ ಇಲ್ಲಿತ್ತಲ್ಲ?"

"ಬಿಸಿಲು ಬಂತು ಸ್ವಾಮಿ, ನೆರಳಿಗೆ ತಳ್ಕಂಡೆ."

"ಅದು ತಾಲೂಕಿನ ಗಡಿಯಮ್ಮ!"

"ಪಾಪ, ಅದೂ ಎಷ್ಟಂತ ಬಿಸಿಲಾಗೆ ಬೇಯ್ತೈತೆ?"

ಸಾಹೇಬರು ಲಾರಿ ನೋಡಿದರು, ಹೆಂಗಸರನ್ನು ನೋಡಿದರು. ಅಷ್ಟೂ ಹೆಂಗಸರನ್ನು ದಾಟಿ ಲಾರಿಗೆ ಹೋಗುವುದಕ್ಕಿಂತ ಕೊರೆಸುವುದೇ ವಾಸಿ ಅನ್ನಿಸಿರಬೇಕು. ಕೊರೆಸಿದರು. ನೀರು ಬಂತು.

ವಾರ ಕಳೆಯುವುದರೊಳಗೆ ಆಚೆ ತಾಲೂಕಿನ ಜೀಪು ಬಂತು. "ನಮ್ಮ ಗಡಿಯೊಳಗೆ ಇವರು ಹೆಂಗೆ ಕೊರೆದ್ರು? ಗಡಿಕಲ್ಲೆಲ್ಲಿ?"

ಕಲ್ಲು ಬೋರಿಂಗಿನ ಬಾಯಿ ಕೆಳಗಿತ್ತು, ಅದರ ಮೇಲೆ ನನ್ನ ಕೊಡ. ಅತ್ತೆ ಕೊಡ ಎತ್ತಿ ಪಕ್ಕಕ್ಕಿಟ್ಟರು. "ಕಲ್ಲು ಬೇಕಾ, ತಗಂಡು ಹೋಗ್ರಿ. ಸಾಲ್ದಿದ್ರೆ ಆಪರೇಷನ್‌ಗೆ ನನ್ನ ಮಗನ್ನೂ ಕರ್ಕಂಡು ಹೋಗ್ರಿ. ಬೋರಿಂಗ್ ಮಾತ್ರ ಇಲ್ಲೇ ಇರ್ಲಿ."

ನಾನು ಹಿತ್ತಲ ಬಾಗಿಲಿಂದ ಒಳಗೆ ಇಣುಕಿದೆ. ನಮ್ಮ ಮನೆಯವರು ಆಗಲೇ ಅಟ್ಟ ಹತ್ತಿ, ಏಣಿಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.