ಹೊನ್ನವ್ವನ ಕೈ ನಿಂತ ಹೊತ್ತು

ಕುತುಬುದ್ದೀನ: ನಾಕ ದಿನ ಆತ್ರಿ ಮಾಸ್ತರ, ನಿಮ್ಮ ಈ ‘ಚಿತ್ತಾಕರ್ಷಕ’ ಹೊತಗೊಂಡು ಊರ ತಿರಗಾಕತ್ತು. ಮಂದಿ ನಿಂದ್ರೂದು ದೂರ ಉಳೀತು, ನನ್ನ ಕುದುರಿ ಸುದ್ದಾ ಕಿವಿ ನಿಗರಸವಲ್ದು.

ಶಂಕರೆಪ್ಪ: ಶಬ್ದದಾಗ ಏನೂ ಐಬಿಲ್ಲ. ಐಬ ಇರೂದು ಒದರೂ ಬಾಯಾಗ.

ಆ ಮಾತಿನ ಸಿಟ್ಟು ಕುತುಬುದ್ದೀನನಿಗೆ ಇಂದಿಗೂ ಇಳಿದಿಲ್ಲ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಮುದ್ದೇಬಿಹಾಳಕ್ಕೆ ನಾಟಕ ಕಂಪನಿ ಬಂದು ಡೇರೆ ಹೊಡೆದಾಗಿನ ಮಾತು ಅದು. ಟಾಂಗಾದಲ್ಲಿ ಕೂತು, ತಗಡಿನ ಭೋಂಗಾ ಬಾಯಿಗಿಟ್ಟು ಊರೆಲ್ಲ ನಾಟಕ ಸಾರುವ ಕೆಲಸ ಅವನದು. ‘ಅತ್ತಿಗೆಯ ಬೀಗದ ಕೈ’ ಎಂಬ ಆ ನಾಟಕವನ್ನೂ ಅದರ ಹ್ಯಾಂಡ್‌ಬಿಲ್ಲನ್ನೂ ಬರೆದವರು ಸಾಲಿಯ ನೌಕರಿ ಬಿಟ್ಟ ಮೇಲೆ ಲೇಖನಿ ಹಿಡಿದ ಶಂಕರೆಪ್ಪ ಮಾಸ್ತರರು. ನಾಲ್ಕು ದಿನವೂ ಮುಂದಿನ ಎರಡು ಸಾಲು ಬಿಟ್ಟರೆ ಚಾಪೆಗಳೆಲ್ಲ ಖಾಲಿ ಬಿದ್ದಿದ್ದವು. ಐದನೆಯ ದಿನವೂ ಡೇರೆ ತುಂಬದಿದ್ದರೆ ಮರುದಿನ ಸಾಮಾನು ಹೇರಿ ಇಂಡಿಗೆ ಹೋಗುವುದಾಗಿ ಮಾಲೀಕ ಹೇಳಿಬಿಟ್ಟಿದ್ದ. ಅಲ್ಲಿ ಸಾರಲಿಕ್ಕೆ ಮೈಕಿನ ಜೀಪು ಗೊತ್ತುಮಾಡಿಯಾಗಿತ್ತು. ಅಂದರೆ ಕುತುಬುದ್ದೀನನೂ ಅವನ ಕುದುರೆಯೂ ಮತ್ತೆ ಬಸ್‌ಸ್ಟ್ಯಾಂಡಿನ ಮುಂದೆ ಬಾರದ ಗಿರಾಕಿಯ ದಾರಿ ಕಾಯಬೇಕು. ಅಚ್ಚಾದದ್ದರ ಹೊರತು ಒಂದಕ್ಷರ ಹೆಚ್ಚಿಗೆ ಸಾರಕೂಡದೆಂದು ಮಾಸ್ತರರ ಕಟ್ಟಪ್ಪಣೆ ಬೇರೆ.

ಜಗಳ ನಡೆದದ್ದು ಡೇರೆಯ ಎದುರಿಗಿದ್ದ ಹೊನ್ನವ್ವನ ಖಾನಾವಳಿಯ ಕಟ್ಟೆಯ ಮೇಲೆ. ಒಳಗೆ ಅವಳು ಪಟಪಟ ರೊಟ್ಟಿ ಬಡಿಯುತ್ತಿದ್ದಳು.

ಕುತುಬುದ್ದೀನ: ನಿನ್ನೆ ಒಬ್ಬಾಕಿ ಮುದುಕಿ ಟಾಂಗಾ ನಿಂದ್ರಿಸಿ, ಈ ಚಿತ್ತಾಕರ್ಷಕ ಔಷಧ ಮಂಡಿನೋವಿಗೆ ನಡೀತೈತೇನು ಅಂತ ಕೇಳಿದ್ಳು.

ಶಂಕರೆಪ್ಪ: ನಿಂದ್ರಿಸಿದ್ಳಿಲ್ಲೋ? ಮತ್ತ ಚಿತ್ತ ಸೆಳದಂಗಾತು.

ಮಾಸ್ತರರು ಅಷ್ಟಕ್ಕೇ ಬಿಡಲಿಲ್ಲ. ಮನಮೋಹಕ ಎಂದರು, ಮನಸೂರೆಗೊಳ್ಳುವ ಎಂದರು, ರೋಮಾಂಚಕಾರಿ ಎಂದರು. ಹೋದ ವರ್ಷ ಮಂದಿ ಗೊರಕೆ ಹೊಡೆದ ನಾಟಕಕ್ಕೂ ಅದೇ ರೋಮಾಂಚಕಾರಿ ಅಚ್ಚಾಗಿತ್ತೆಂದು ಕುತುಬುದ್ದೀನ ನೆನಪು ಮಾಡಿಕೊಟ್ಟ. ಕೊನೆಗೆ ಮಾಸ್ತರರು ತಮ್ಮ ಗಂಟಿನಿಂದ ‘ಎವೆಯಿಕ್ಕದೆ ನೋಡುವಂಥ’ ಎಂಬುದನ್ನು ತೆಗೆದರು.

ಕುತುಬುದ್ದೀನ: ಮೂರ ತಾಸು ಎವಿ ಬಡೀದಿದ್ರ ಆಮ್ಯಾಲ ಕಣ್ಣಿನ ಡಾಕ್ಟರ ಕಡೆ ಕರಕೊಂಡ ಹೋಗಾವ್ರು ಯಾರ್ರಿ?

ಅವನ ಅಳತೆಯೇ ಬೇರೆ. ನಾಟಕ ಮಂದಿಯನ್ನು ಎಷ್ಟು ಹಿಡಿದಿಟ್ಟಿತು ಎಂಬುದನ್ನು ಅವನು ಮಂದಿಗೆ ಆದ ಲುಕ್ಸಾನಿನಿಂದ ಅಳೆಯುತ್ತಿದ್ದ.

ಕುತುಬುದ್ದೀನ: ಬಾಯಾಗಿನ ಎಲಿ ಜಗಿಯೂದ ಮರತ್ರ ಅದು ಬರೊಬ್ಬರಿ ನಾಟಕ. ಹಚ್ಚಿದ ಬೀಡಿ ಬೆರಳ ಸುಟ್ರ ಅದು ಜಬರದಸ್ತ ನಾಟಕ. ಗೊಳಸಂಗ್ಯಾಗ ಒಂದ ಆಟ ಆತು ನೋಡ್ರಿ, ಎತ್ತು ಬಿಚಗೊಂಡು ಹೋದ್ವು ಅಂದ್ರೂ ಬಸಂತರಾಯ ಗೌಡ ಎದ್ದ ಹೋಗಲಿಲ್ಲ. ಹಂಗ ಬರೀರಿ.

ಶಂಕರೆಪ್ಪ: ‘ಎತ್ತು ಕಳೆಯುವ ನಾಟಕ’ ಅಂತ ಅಚ್ಚ ಹಾಕಿಸಿದ್ರ ಯಾ ರೈತ ಬರ್ತಾನೋ ಹುಚ್ಚಪ್ಪ?

ಕುತುಬುದ್ದೀನನ ಕಿವಿ ಕೆಂಪಾದವು. ನಾಲ್ಕನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟವನನ್ನು ಮಾಸ್ತರರು ಹಾಗೆ ಕರೆದರೆ ಅವನಿಗೆ ಹಳೆಯ ಬೆತ್ತವೆಲ್ಲ ನೆನಪಾಗುತ್ತಿತ್ತು. ಅವನು ಎದ್ದು ನಿಂತು, ಹೊನ್ನವ್ವನ ಕೈಯೇ ತೀರ್ಮಾನ ಮಾಡಲಿ ಎಂದ. ಊರಿಗೆಲ್ಲ ಗೊತ್ತಿದ್ದ ಸಂಗತಿ: ಮದುವೆಯ ಬಾಜಾ ಹೋದರೂ, ಸಾಹೇಬರ ಜೀಪು ಬಂದರೂ ಅವಳ ಕೈ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಯಾರ ಮಾತಿಗೆ ಆ ಪಟಪಟ ನಿಲ್ಲುತ್ತದೋ ಅವರ ಮಾತನ್ನೇ ಅಂದು ಸಾರುವುದೆಂದು ಪಂದ್ಯವಾಯಿತು. ಇನ್ನೂ ನಲವತ್ತು ರೊಟ್ಟಿ ಆಗಬೇಕು, ಏನು ಒದರುವುದಿದ್ದರೂ ಬೇಗ ಒದರಿ ಎಂದು ಹೊನ್ನವ್ವ ಒಳಗಿನಿಂದಲೇ ಹೇಳಿದಳು.

ಮಾಸ್ತರರು ಬೀಡಿ ಹಚ್ಚಿ, ಗಂಟಲು ಸರಿಮಾಡಿಕೊಂಡು, ಹ್ಯಾಂಡ್‌ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಪಟಪಟ ನಿಲ್ಲಲಿಲ್ಲ, ತುಸು ಜೋರೇ ಆಯಿತು.

ಕುತುಬುದ್ದೀನ ಭೋಂಗಾ ಮುಟ್ಟಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಪಕ್ಕದ ಮನೆಯ ಸುದ್ದಿ ಹೇಳುವವನಂತೆ ದನಿ ಇಳಿಸಿದ.

ಕುತುಬುದ್ದೀನ: ಯವ್ವಾ, ಅತ್ತಿಗಿ ಹನ್ನೆರಡ ವರ್ಷ ಆ ಬೀಗದ ಕೈ ಸೆರಗಿಗೆ ಗಂಟ ಹಾಕ್ಕೊಂಡಾಳ. ಯಾರ ಕೈಗೂ ಕೊಟ್ಟಿಲ್ಲ. ಒಂದಿನ ಮುಂಜಾನೆದ್ದು ನೋಡ್ತಾಳ, ಗಂಟ ಐತಿ, ಕೈ ಇಲ್ಲ. ಗಂಡ ಸೊಲ್ಲಾಪುರಕ್ಕ ಹೋಗ್ಯಾನ. ಮೈದುನ ಆಣಿ ಮಾಡ್ತಾನ. ಅವನ ಹೊಸಾ ಹೇಣ್ತಿ ಏನೂ ಅನ್ನವಲ್ಳು, ನಗ್ತಾಳ. ಅತ್ತಿಗಿ ಒಳಗ ಓಡಿ ಸಂದೂಕ ನೋಡ್ತಾಳ. ಹಾಕಿದ ಬೀಗ ಹಾಕಿದಂಗ ಐತಿ. ಆದ್ರ ಸಂದೂಕದ ಒಳಗ ಏನೋ ಸಪ್ಪಳಾ ಆಗಾಕತ್ತೈತಿ.

ಇಷ್ಟು ಹೇಳಿ ಅವನು ಸುಮ್ಮನೆ ಹೋಗಿ ಕುದುರೆಗೆ ಹುಲ್ಲು ಹಾಕತೊಡಗಿದ.

ಪಟಪಟ ನಿಂತಿತ್ತು. ಸಂತೆಗೆ ಹೊರಟಿದ್ದ ಹತ್ತಿಪ್ಪತ್ತು ಮಂದಿ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನಿಂತಿದ್ದರು. ಹಿಟ್ಟುಗೈಯಲ್ಲೇ ಬಾಗಿಲಿಗೆ ಬಂದ ಹೊನ್ನವ್ವನ ಬೆನ್ನ ಹಿಂದೆ ಹಂಚಿನ ಮೇಲಿನ ರೊಟ್ಟಿ ಹೊಗೆಯಾಡುತ್ತಿತ್ತು.

ಹೊನ್ನವ್ವ: ಸಂದೂಕದಾಗ ಯಾರದಾರೋ ಕುತುಬ?

ಕುತುಬುದ್ದೀನ: ಅದು ಸಂಜಿಗೆ ಡೇರೇದಾಗ ಗೊತ್ತಾಗ್ತೈತಿ.

ಅಷ್ಟರಲ್ಲಿ ಮಾಸ್ತರರು ಕೈ ಝಾಡಿಸಿ ಎದ್ದರು. ಬೀಡಿ ಬೆರಳು ಸುಟ್ಟಿತ್ತು. ಅವರು ಟಾಂಗಾದ ಹತ್ತಿರ ಬಂದು, ಮಂದಿಗೆ ಕೇಳಿಸದಂತೆ ಕೇಳಿದರು.

ಶಂಕರೆಪ್ಪ: ಲೇ, ಸಂದೂಕದಾಗಿನ ಸಪ್ಪಳಾ ನಾ ಬರದೇ ಇಲ್ಲಲ್ಲೋ. ಯಾರದಾರ ಒಳಗ?

ಕುತುಬುದ್ದೀನ: ನನಗೇನ ಗೊತ್ರಿ? ಸಂಜಿತನಕಾ ಟೈಮ ಐತಿ, ಬರೀರಿ.

ಮಾಸ್ತರರು ಊಟ ಬಿಟ್ಟು ಬರೆದರು. ಸೊಲ್ಲಾಪುರಕ್ಕೆ ಹೋದ ಗಂಡನನ್ನೇ ತಂದು ಸಂದೂಕದಲ್ಲಿ ಕೂಡಿಸಿದರು. ಅಂದು ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪನಿ ಇಂಡಿಗೆ ಹೋಗುವುದನ್ನು ಮರೆತು ನಲವತ್ತು ದಿನ ಅಲ್ಲೇ ನಿಂತಿತು. ಮರುದಿನದ ಹೊಸ ಹ್ಯಾಂಡ್‌ಬಿಲ್ಲಿನಲ್ಲಿ ಕುತುಬುದ್ದೀನನ ಹೆಸರು ಹುಡುಕಿದರೂ ಇರಲಿಲ್ಲ. ಇದ್ದದ್ದು, ‘ಚಿತ್ತಾಕರ್ಷಕ ಸಂದೂಕದ ದೃಶ್ಯ’. ಅದನ್ನೇ ಅವನು ಹಲ್ಲು ಕಚ್ಚಿ ನಲವತ್ತು ದಿನ ಸಾರಿದ.

ಆ ಸುಟ್ಟ ರೊಟ್ಟಿಯ ಲೆಕ್ಕ ಮಾತ್ರ ಹಾಗೇ ಉಳಿಯಿತು. ಇಬ್ಬರಲ್ಲಿ ಯಾರು ಎದುರಾದರೂ ಹೊನ್ನವ್ವ ಅದರ ದುಡ್ಡು ಕೇಳದೆ ಬಿಡುತ್ತಿರಲಿಲ್ಲ. ಸಂದೂಕ ಅವನದು, ಅವನನ್ನು ಕೇಳು ಎಂದು ಮಾಸ್ತರರು ದಾಟಿಹೋಗುತ್ತಿದ್ದರು.

ಕುತುಬುದ್ದೀನ: ಅವರ ಹೆಸರ ಅಚ್ಚಾಗೇತೆವ್ವಾ, ಅವರನ್ನ ಕೇಳು. ಸುಟ್ಟದ್ದು ಅನಬ್ಯಾಡ, ಚಿತ್ತಾಕರ್ಷಕ ರೊಟ್ಟಿ ಅನ್ನು. ತಿಳೀತೈತಿ ಅವರಿಗೆ.